ಏಳನೇ ನಂಬರಿನ ಊಟ

ತುಂಗಮ್ಮನವರಿಗೆ ದ್ವಾರಕೆ ನೋಡುವ ಆಸೆ. ಅವರ ಹಿರಿಯ ಸೊಸೆ ಸತ್ಯಭಾಮೆಗೆ ಬೇರೆ ಯಾರೋ ಮಾಡಿದ್ದನ್ನು ಬೇರೆ ಯಾರೋ ಬಡಿಸಿ, ತಾನು ಕೂತು ಉಣ್ಣುವ ಆಸೆ. ಎರಡೂ ಒಂದೇ ಹಡಗಿನಲ್ಲಿ ಆಗಬಹುದಿತ್ತು.

ಹಡಗಿನ ಸುದ್ದಿ ಸಾಗರದ ಆ ಮನೆಗೆ ಬಂದದ್ದು 1981ರ ಅಕ್ಟೋಬರಿನಲ್ಲಿ, ರಿಜಿಸ್ಟರ್ಡ್ ಅಂಚೆಯಲ್ಲಿ. ತುಂಗಮ್ಮನವರ ಎರಡನೇ ಮಗ ವೆಂಕಟರಾಮ ಪೇಟೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಒಂದೇ ವರ್ಷ 212 ಪಂಪ್‌ಸೆಟ್ ಮಾರಿದ್ದಕ್ಕೆ ಕಂಪನಿಯವರು ಬಹುಮಾನ ಕೊಟ್ಟಿದ್ದರು. ಜನವರಿಯಲ್ಲಿ ಏಳು ರಾತ್ರಿಗಳ ಹಡಗು ಪ್ರಯಾಣ. ಮುಂಬಯಿಯಲ್ಲಿ ಹತ್ತುವುದು, ದ್ವಾರಕೆಗೆ ಹತ್ತಿರದ ಓಖಾ ಬಂದರಿನಲ್ಲಿ ಒಂದು ದಿನ ನಿಲ್ಲುವುದು, ವೆರಾವಲ್, ಗೋವಾ ನೋಡಿಕೊಂಡು ಮುಂಬಯಿಯಲ್ಲೇ ಇಳಿಯುವುದು. ನಾಲ್ಕು ಮಂಚಗಳ ಒಂದು ಕೋಣೆ ಅವನ ಹೆಸರಿಗೆ.

ವೆಂಕಟರಾಮ, ಅವನ ಹೆಂಡತಿ ವೇದಾವತಿ, ತಾಯಿ, ಅಲ್ಲಿಗೆ ಮೂವರಾದರು. ನಾಲ್ಕನೇ ಮಂಚಕ್ಕೆ ವೇದಾವತಿ ತನ್ನ ತಮ್ಮ ಸುಬ್ಬಕೃಷ್ಣನ ಹೆಸರು ಹೇಳಿದಳು. ಅವನು ಹೊಸನಗರದಲ್ಲಿ ಇಂಗ್ಲಿಷ್ ಮೇಷ್ಟ್ರು, ಇನ್ನೂ ಮದುವೆಯಾಗಿರಲಿಲ್ಲ.

"ನಿನ್ನ ತಮ್ಮ ಬಂದು ನಂಗೆ ಅನ್ನ ಬೇಯಿಸಿ ಹಾಕ್ತಾನಾ?" ಎಂದರು ತುಂಗಮ್ಮ.

ಮಾತು ಅಲ್ಲಿಗೆ ಮುಗಿಯಿತು. ತುಂಗಮ್ಮನವರದ್ದು ದಿನಕ್ಕೆ ಒಂದೇ ಊಟ, ಅದೂ ಮಡಿಯಲ್ಲಿ ಮಾಡಿದ್ದು. ಹೋಟೆಲಿನ ನೀರನ್ನೂ ಮುಟ್ಟಿದವರಲ್ಲ. ತೀರ್ಥಹಳ್ಳಿಯ ತಂಗಿಯ ಮನೆಗೆ ಹೋದರೂ ಮೊದಲ ದಿನ ಮನೆಯಿಂದ ತಂದ ಅವಲಕ್ಕಿಯೇ. ಒದ್ದೆ ಸೀರೆಯುಟ್ಟು ಅವರ ಅಡಿಗೆ ಮಾಡುವವಳು ಸತ್ಯಭಾಮೆ. ಅವಳ ಗಂಡ, ತುಂಗಮ್ಮನವರ ಹಿರಿಯ ಮಗ, 1970ರಲ್ಲಿ ಕಾಮಾಲೆಯಿಂದ ತೀರಿಕೊಂಡಿದ್ದ. ಆಗ ಅವಳಿಗೆ ಇಪ್ಪತ್ತೈದು. ಅಂದಿನಿಂದ ಮನೆಯ ಅಡಿಗೆ ಅವಳದ್ದೇ. ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಕೆರೆದು ಹಾಕಿಕೊಂಡು ಅಡಿಗೆಮನೆಯಲ್ಲೇ ಉಣ್ಣುತ್ತಿದ್ದಳು. ಅವಳ ತಲೆಗೂದಲು ತೆಗೆಸದೆ ಬಿಟ್ಟದ್ದು ತಮ್ಮ ದೊಡ್ಡ ಮನಸ್ಸು ಎಂದು ತುಂಗಮ್ಮ ಬಂದವರೆದುರು ಹೇಳುತ್ತಿದ್ದರು, ಅವಳೆದುರಿಗೇ.

ಹೀಗೆ ನಾಲ್ಕನೇ ಮಂಚ ಸತ್ಯಭಾಮೆಯದಾಯಿತು. ಒಂದು ಸೀಮೆಎಣ್ಣೆ ಸ್ಟೌವ್, ಎರಡು ಪಾತ್ರೆ, ಐದು ಸೇರು ಅಕ್ಕಿ ಕಟ್ಟಿಕೊಳ್ಳುವುದೆಂದು ಮಾತಾಯಿತು.

ಲಕೋಟೆಯಲ್ಲಿ ಪತ್ರದ ಜೊತೆ ಇಪ್ಪತ್ತನಾಲ್ಕು ಪುಟಗಳ ಇಂಗ್ಲಿಷ್ ಪುಸ್ತಿಕೆಯೊಂದಿತ್ತು. ವೆಂಕಟರಾಮನ ಇಂಗ್ಲಿಷ್ ಇನ್‌ವಾಯ್ಸ್‌ನಿಂದ ಆಚೆ ಹೋಗುತ್ತಿರಲಿಲ್ಲ. ವೇದಾವತಿ ಹತ್ತನೇ ತರಗತಿಯಲ್ಲಿ ಎರಡು ಸಲ ಕೂತಿದ್ದಳು. ಸತ್ಯಭಾಮೆ 1962ರಲ್ಲಿ ತೀರ್ಥಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು, ಇಂಗ್ಲಿಷಿನಲ್ಲಿ ಎಪ್ಪತ್ತೊಂದು.

"ಅತ್ತಿಗೆ, ಇದ್ರಲ್ಲಿ ಎಂತ ಬರ್ದಿದಾರೆ ಅಂತ ನೋಡಿ ಹೇಳಿ," ಎಂದು ವೆಂಕಟರಾಮ ಪುಸ್ತಿಕೆಯನ್ನು ಅಡಿಗೆಮನೆಯ ಹೊಸಿಲ ಮೇಲಿಟ್ಟು ಹೋದ.

ಎರಡು ಮಧ್ಯಾಹ್ನ ಕೂತು ಅವಳು ಅದನ್ನು ಓದಿದಳು. ಅರ್ಧಕ್ಕಿಂತ ಹೆಚ್ಚು ಪುಟಗಳು ಊಟದ ವಿಷಯವೇ. ಬೆಳಗಿನ ತಿಂಡಿ ಮೇಲಿನ ಅಂತಸ್ತಿನಲ್ಲಿ, ಬೇಕಾದ್ದನ್ನು ಬೇಕಾದಷ್ಟು ತೆಗೆದುಕೊಳ್ಳಬಹುದು. ಮಧ್ಯಾಹ್ನ, ಸಂಜೆ ಭೋಜನಶಾಲೆಯಲ್ಲಿ ಎರಡು ಸರದಿ. ಸರದಿ ಯಾವುದೆಂದು ಮೊದಲೇ ತಿಳಿಸಬೇಕು. ಪ್ರತಿ ಕುಟುಂಬಕ್ಕೂ ನಂಬರು ಹಾಕಿದ ಒಂದು ಮೇಜು, ಏಳು ದಿನವೂ ಅದೇ ಮೇಜು, ಬಡಿಸುವವನೂ ಒಬ್ಬನೇ. ನಾಲ್ಕು ಗಂಟೆಗೆ ಚಹಾ, ಕೇಕು. ಎಲ್ಲವೂ ಟಿಕೆಟ್ಟಿನಲ್ಲೇ ಸೇರಿದೆ.

ಹದಿನಾಲ್ಕನೇ ಪುಟದಲ್ಲಿ ಒಂದು ಚಿತ್ರವಿತ್ತು. ಬಿಳಿ ಕೋಟಿನ ಬಡಿಸುವವನು ಒಬ್ಬ ಹೆಂಗಸಿಗೆ ಕುರ್ಚಿ ಹಿಂದಕ್ಕೆಳೆದು ಹಿಡಿದಿದ್ದ. ಕೆಳಗೆ ಬರೆದಿತ್ತು: ನೀವು ಕೂತ ಮೇಲೆ ಅವನು ಪಟ್ಟಿ ಕೊಡುತ್ತಾನೆ, ಏನು ತರಲಿ ಎಂದು ಕೇಳುತ್ತಾನೆ, ಊಟ ಮುಗಿದ ಮೇಲೆ ಹೇಗಿತ್ತು ಎಂದು ಕೇಳುತ್ತಾನೆ, ಉಪ್ಪು, ಖಾರ ಹೆಚ್ಚು ಕಡಿಮೆಯಾಗಿದ್ದರೆ ಸಂಕೋಚವಿಲ್ಲದೆ ಹೇಳಿ. ಸತ್ಯಭಾಮೆ ಆ ನಾಲ್ಕು ಸಾಲುಗಳನ್ನು ಬಾಯಿಪಾಠ ಮಾಡಿದಳು. ಹನ್ನೊಂದು ವರ್ಷದಲ್ಲಿ ಅವಳ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದವರು ಬೇಕಾದಷ್ಟು ಮಂದಿ. ಅವಳ ಎಲೆಯಲ್ಲಿ ಏನಿದೆ ಎಂದು ನೋಡಿದವರು ಯಾರೂ ಇರಲಿಲ್ಲ.

ತೊಡಕಿದ್ದದ್ದು ಎದುರುಬದುರಾಗಿದ್ದ ಹತ್ತು ಮತ್ತು ಹನ್ನೊಂದನೇ ಪುಟಗಳಲ್ಲಿ. ಹತ್ತನೇ ಪುಟ: ಕೋಣೆಯಲ್ಲಿ ಸ್ಟೌವ್ ಹಚ್ಚುವಂತಿಲ್ಲ, ಅಡಿಗೆ ಮಾಡುವಂತಿಲ್ಲ, ಅಂಥ ಸಾಮಾನು ಕಂಡರೆ ಬಂದರಿನಲ್ಲೇ ಇಳಿಸಲಾಗುವುದು. ಹನ್ನೊಂದನೇ ಪುಟ: ಸಸ್ಯಾಹಾರಿಗಳಿಗೆ ಬೇರೆಯೇ ಅಡಿಗೆಮನೆ ಇದೆ, ಅಲ್ಲಿ ಗುಜರಾತಿ ಬ್ರಾಹ್ಮಣ ಅಡಿಗೆಯವರಿದ್ದಾರೆ.

ಅಡಿಗೆ ಮಾಡುವ ಹಾಗಿಲ್ಲ ಎಂದಾದರೆ ಅಡಿಗೆಯವಳಿಗೆ ಮಂಚ ಯಾಕೆ? ಸತ್ಯಭಾಮೆ ನಾಲ್ಕು ಅಗುಳು ಅನ್ನ ಅರೆದು ಎರಡೂ ಪುಟಗಳ ಅಂಚಿಗೆ ಸವರಿ ಅಂಟಿಸಿದಳು. ಮೇಲೆ ಒರಳುಕಲ್ಲಿನ ಗುಂಡನ್ನು ಒಂದು ಗಂಟೆ ಇಟ್ಟಳು.

ಸಂಜೆ ಎಲ್ಲರ ಮುಂದೆ ಓದಿ ಹೇಳುವಾಗ ಒಂಬತ್ತರಿಂದ ಹನ್ನೆರಡಕ್ಕೆ ಹೋದಳು. ನಡುವೆ ತನ್ನದೊಂದು ವಾಕ್ಯ ಸೇರಿಸಿದಳು. "ಮಡಿಯವರಿಗೆ ಅಂತ ಒಂದು ಸಣ್ಣ ಕೋಣೆ ಬೇರೆ ಇದೆಯಂತೆ. ಅಲ್ಲಿ ನಾವೇ ಮಾಡ್ಕೋಬಹುದು."

ತುಂಗಮ್ಮನವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವರು ಕಂಡ ದೊಡ್ಡ ಊಟದ ಜಾಗವೆಂದರೆ ಮಠ, ಛತ್ರ. ಎಲ್ಲ ಕಡೆಯೂ ಹಿಂದುಗಡೆ ಮಡಿ ಅಡಿಗೆಗೊಂದು ಕೋಣೆ ಇದ್ದೇ ಇರುತ್ತದೆ. "ಇರ್ಲೇಬೇಕಲ್ಲ, ಅಷ್ಟು ಜನ ಹೋಗ್ತಾರೆ," ಎಂದರು. ಎರಡು ಸರದಿಯ ವಿಷಯ ಮಾತ್ರ ಕಿವಿಗೊಟ್ಟು ಕೇಳಿದರು. "ಮೊದ್ಲನೇ ಪಂಕ್ತಿ ಬರೀ. ಎರಡನೇ ಪಂಕ್ತಿಗೆ ಕೂರೋದು ಕೆಲಸದೋರು."

ದೀಪಾವಳಿಗೆ ಸುಬ್ಬಕೃಷ್ಣ ಅಕ್ಕನ ಮನೆಗೆ ಬಂದ. ಸತ್ಯಭಾಮೆ ಮಾಡಿದ ಹೋಳಿಗೆಯನ್ನು ಐದು ತಿಂದು, "ನಿಮ್ಮ ಕೈ ಕೈಯಲ್ಲ ಸತ್ಯಕ್ಕ, ತುಪ್ಪದ ಗಿಂಡಿ," ಎಂದು ಹೊಗಳಿದ. ಆಮೇಲೆ ಜಗಲಿಯಲ್ಲಿ ಕಾಲು ಚಾಚಿ ಕೂತು ಹಡಗಿನ ಪುಸ್ತಿಕೆ ತರಿಸಿಕೊಂಡ. ಎಲ್ಲರೂ ಎಲೆ ಅಡಿಕೆ ಹಾಕುತ್ತ ಅಲ್ಲೇ ಇದ್ದರು. ಅವನು ಪುಟ ತಿರುವುತ್ತ ಹೋದವನು ಒಂದು ಕಡೆ ನಿಂತ. ಬೆರಳು ಒದ್ದೆ ಮಾಡಿ ಮತ್ತೆ ತಿರುವಿದ. ಪುಸ್ತಿಕೆಯನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಒಳಗೆ ಕೂಗಿ ಸತ್ಯಭಾಮೆಯನ್ನು ಕರೆದ.

"ಸತ್ಯಕ್ಕ, ಈ ಹಡಗಿನೋರು ಪುಸ್ತಕಕ್ಕೆ ಅನ್ನ ಉಣ್ಸಿದಾರೆ ನೋಡಿ."

ಅವಳು ಬಾಗಿಲಲ್ಲಿ ನಿಂತಳು. ಸುಬ್ಬಕೃಷ್ಣ ತಟ್ಟೆಯಲ್ಲಿದ್ದ ಅಡಕತ್ತರಿ ತೆಗೆದುಕೊಂಡು ಅದರ ತುದಿಯಿಂದ ಪುಟಗಳನ್ನು ನಿಧಾನವಾಗಿ ಬಿಡಿಸಿದ. ತಾನೇ ಓದಿ ಹೇಳಬಹುದಿತ್ತು. ಹೇಳಲಿಲ್ಲ. ಪುಸ್ತಿಕೆಯನ್ನು ಅವಳ ಕೈಗೆ ಕೊಟ್ಟ.

"ಓದಿ. ಜೋರಾಗಿ. ಭಾವನಿಗೆ ಕೇಳ್ಬೇಕು."

ಸತ್ಯಭಾಮೆ ಓದಿದಳು. ಎರಡು ಕಡೆ ಅವನು ನಡುವೆ ತಡೆದು ಉಚ್ಚಾರ ತಿದ್ದಿದ. "ಈಗ ಕನ್ನಡದಲ್ಲಿ," ಎಂದ. ಅವಳು ಕನ್ನಡದಲ್ಲಿ ಹೇಳಿದಳು. ಸ್ಟೌವ್ ಹಚ್ಚುವಂತಿಲ್ಲ. ಅಡಿಗೆ ಮಾಡುವಂತಿಲ್ಲ. "ಮಡಿಯೋರ ಸಣ್ಣ ಕೋಣೆ ಯಾವ ಸಾಲಲ್ಲಿದೆ, ಬೆರಳಿಟ್ಟು ತೋರ್ಸಿ." ಅವಳು ತೋರಿಸಲಿಲ್ಲ. ವೇದಾವತಿ ಬಾಯಿಗೆ ಸೆರಗು ಹಿಡಿದಿದ್ದಳು, ನಗು ಸೆರಗಿನಾಚೆಗೂ ಕೇಳುತ್ತಿತ್ತು.

"ಯಾಕೆ ಹೀಗ್ ಮಾಡಿದ್ರಿ ಅತ್ತಿಗೆ?" ಎಂದ ವೆಂಕಟರಾಮ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕೆಟ್ಟ ಪಂಪ್‌ಸೆಟ್ ವಾಪಸು ತಂದ ಗಿರಾಕಿಯ ಜೊತೆ ಮಾತಾಡುವ ದನಿ ಅದು.

"ನಂಗೂ ನೋಡ್ಬೇಕಿತ್ತು."

"ಎಂತ, ದ್ವಾರಕೆಯಾ?"

"ಊಟ," ಎಂದಳು ಸತ್ಯಭಾಮೆ. ಅದಕ್ಕೆ ಸುಬ್ಬಕೃಷ್ಣ ಬಿದ್ದು ಬಿದ್ದು ನಕ್ಕ.

ಈಗ ಅವಳಿಗೆ ಉಳಿದಿದ್ದದ್ದು ಒಂದೇ ಆಸರೆ. ಅತ್ತೆಯ ಮಡಿ. ಯಾರೋ ಗುಜರಾತಿಯವನು ಬೇಯಿಸಿದ್ದನ್ನು ತುಂಗಮ್ಮ ಮುಟ್ಟುವುದಿಲ್ಲ. ಅವರು ಹೊರಡದಿದ್ದರೆ ಯಾರೂ ಹೊರಡುವುದಿಲ್ಲ, ಸುಬ್ಬಕೃಷ್ಣನೂ. ಅವಳು ಅತ್ತೆಯ ಮುಖ ನೋಡಿದಳು. ತನ್ನ ಒದ್ದೆ ಸೀರೆಯ ಸೆರಗು ಬಾಗಿಲಿಗೆ ತಾಗಿತೆಂದು ಇಳಿಸಿದ ಅನ್ನವನ್ನು ಹಸುವಿಗೆ ಹಾಕಿಸಿ ತನ್ನಿಂದ ಎರಡನೇ ಸಲ ಅಡಿಗೆ ಮಾಡಿಸಿದವರು ಅವರು. ಅಂಥ ಅನ್ನ ಎಷ್ಟು ಸಲ ಹಸುವಿಗೆ ಹೋಗಿತ್ತೋ.

ತುಂಗಮ್ಮ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹಾಕಿಕೊಂಡರು.

"ಬೇಯಿಸೋನು ಬ್ರಾಹ್ಮಣ ಅಲ್ದಾ?"

"ಹೌದತ್ತೆ, ಹಾಗೇ ಬರ್ದಿದೆ," ಎಂದ ಸುಬ್ಬಕೃಷ್ಣ.

"ತೀರ್ಥಯಾತ್ರೆಗೆ ಹೊರಟ ಮೇಲೆ ದೋಷ ಇಲ್ಲ. ಕಾಶಿಗೆ ಹೋದಾಗ ನಮ್ಮಪ್ಪನೂ ಅಲ್ಲಿಯೋರ ಕೈಯಲ್ಲಿ ಉಂಡಿದ್ರು. ನಿನ್ನ ಹೆಸ್ರು ಬರ್ಸು. ದೊಡ್ಡ ಪೇಟೇಲಿ ಇಂಗ್ಲಿಷ್ ಬಲ್ಲ ಗಂಡಸು ಒಬ್ಬ ಬೇಕೇ ಬೇಕು."

ಹನ್ನೊಂದು ವರ್ಷದ ಮಡಿ ಎಲೆ ಅಡಿಕೆ ಉಗುಳುವಷ್ಟರಲ್ಲಿ ಇತ್ಯರ್ಥವಾಗಿತ್ತು. ಸತ್ಯಭಾಮೆ ಪುಸ್ತಿಕೆ ಹಿಡಿದುಕೊಂಡು ನಿಂತೇ ಇದ್ದಳು.

"ಅದನ್ನ ಅಲ್ಲೇ ಇಟ್ಕೊ," ಎಂದರು ತುಂಗಮ್ಮ. "ಕೊನೇಲಿ ಎಂತದೋ ಬರ್ದು ಕಳಿಸ್ಬೇಕು ಅಂದಿದ್ದೆಯಲ್ಲ, ಬರೀ. ನಿನ್ನ ಅಕ್ಷರ ಚೆನ್ನಾಗಿದೆ."

ಮರುದಿನ ಬೆಳಿಗ್ಗೆ ತಿಂಡಿಯ ಕೆಲಸ ಮುಗಿಸಿ ಅವಳು ಪುಸ್ತಿಕೆಯ ಕೊನೆಯಲ್ಲಿದ್ದ ಅರ್ಜಿ ತುಂಬಲು ಕೂತಳು. ಸುಬ್ಬಕೃಷ್ಣ ಮೊದಲ ಬಸ್ಸಿಗೆ ಹೊಸನಗರಕ್ಕೆ ಹೋಗಿದ್ದ. ತುಂಗಮ್ಮ ಹತ್ತಿರದ ಮಣೆಯ ಮೇಲೆ ಬತ್ತಿ ಹೊಸೆಯುತ್ತಿದ್ದರು. ವೇದಾವತಿ ಹೊಸ ಸೀರೆಗಳಿಗೆ ಫಾಲ್ಸ್ ಹಚ್ಚುತ್ತಿದ್ದಳು. ಹೆಸರು, ವಯಸ್ಸು, ಊರು ಬರೆದಾಯಿತು. ನಾಲ್ಕನೇ ಹೆಸರನ್ನೂ ಬರೆದಳು. ಮೊದಲನೇ ಸರದಿಗೆ ಗುರುತು ಹಾಕಿದಳು. ಆಮೇಲೆ ಊಟದ ಬಗೆ ಬಂತು. ಒಟ್ಟು ಏಳು, ಎದುರಿಗೆ ನಂಬರು.

ಒಂದನೆಯದು ಮಾಂಸಾಹಾರ. ಎರಡನೆಯದರಲ್ಲಿ ಮೀನು, ಮೊಟ್ಟೆ. ಮೂರನೆಯದು ಸಸ್ಯಾಹಾರ, ಪೂರಿಯಿಂದ ಶ್ರೀಖಂಡದವರೆಗೆ. ನಾಲ್ಕು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ಅದೇ. ಐದು ಜೈನರಿಗೆ. ಆರು ಸಕ್ಕರೆ ಕಾಯಿಲೆಯವರಿಗೆ. ಏಳನೆಯದು ಕಠಿಣ ವ್ರತ ಹಿಡಿದವರಿಗೆ ಮತ್ತು ರೋಗಿಗಳಿಗೆ: ಅನ್ನ, ಬೇಯಿಸಿದ ತರಕಾರಿ, ಮಜ್ಜಿಗೆ ಮಾತ್ರ; ಉಪ್ಪು, ಖಾರ, ಎಣ್ಣೆ, ಸಿಹಿ ಯಾವುದೂ ಇಲ್ಲ; ಬೇರೆಯದೇ ಒಲೆ, ಬೇರೆಯದೇ ಪಾತ್ರೆ, ಬೇರೆ ಯಾವ ಆಹಾರವೂ ತಾಗದಂತೆ ಮುಚ್ಚಿ ಕೋಣೆಗೇ ತಂದುಕೊಡಲಾಗುವುದು. ಭೋಜನಶಾಲೆಯಲ್ಲಿ ಮೇಜು ಇರುವುದಿಲ್ಲ. ದಿನಸಿಯನ್ನು ಮುಂಬಯಿಯಲ್ಲೇ ಅಳೆದು ತುಂಬುವುದರಿಂದ ಹಡಗು ಹೊರಟ ಮೇಲೆ ಬಗೆ ಬದಲಿಸಲು ಆಗುವುದಿಲ್ಲ.

"ಅತ್ತೆ, ಊಟದಲ್ಲಿ ಏಳು ಬಗೆ ಕೊಟ್ಟಿದಾರೆ. ಓದಿ ಹೇಳ್ತೀನಿ, ಯಾವುದು ಬೇಕು ನೋಡಿ."

"ಓದೋದು ಬೇಡ. ನೀನು ಓದಿ ಹೇಳೋ ಚಂದ ನಿನ್ನೆ ನೋಡಿ ಆಯ್ತಲ್ಲ." ತುಂಗಮ್ಮ ತಲೆ ಎತ್ತಲಿಲ್ಲ. "ಎಲ್ಲಕ್ಕಿಂತ ಮಡಿ ಯಾವುದೋ ಅದನ್ನ ಬರೀ."

"ನಾಲ್ಕೂ ಜನಕ್ಕಾ?"

"ನಾಲ್ಕೂ ಜನಕ್ಕೆ. ಒಂದು ಮನೆಯೋರು ಒಬ್ಬೊಬ್ರು ಒಂದೊಂದು ಉಂಡ್ರೆ ಕಂಡೋರು ನಗಲ್ವಾ?"

ಸತ್ಯಭಾಮೆ ವೇದಾವತಿಯ ಕಡೆ ತಿರುಗಿದಳು. "ಹಾಗೇ ಬರೀಲಾ ವೇದಾ?"

"ಅತ್ತೆ ಹೇಳಿದ್ರಲ್ಲ, ಬರೀರಿ ಅಕ್ಕ. ಮತ್ತೆ ನಿಮ್ಮ ಬುದ್ಧಿ ಉಪಯೋಗಿಸ್ಬೇಡಿ," ಎಂದಳು ವೇದಾವತಿ ಹಲ್ಲಲ್ಲಿ ದಾರ ಕಡಿಯುತ್ತ.

ಎರಡು ಸಲ ಕೇಳಿದ್ದಾಯಿತು. ಸತ್ಯಭಾಮೆ ನಾಲ್ಕು ಹೆಸರಿನ ಮುಂದೆಯೂ ಏಳು ಎಂದು ಬರೆದಳು. ಅಂಕಿ ದುಂಡಗೆ ಬಂತು. ವೆಂಕಟರಾಮ ಅಂಗಡಿಯಿಂದ ಊಟಕ್ಕೆ ಬಂದಾಗ, ಡೆಲಿವರಿ ಚಲನ್ನಿಗೆ ಹಾಕುವ ಹಾಗೆ, ಕೊನೆಯ ಗೆರೆಯನ್ನು ಮಾತ್ರ ನೋಡಿ ರುಜು ಹಾಕಿದ. ಮಧ್ಯಾಹ್ನದ ಅಂಚೆಗೆ ಅದು ಹೋಯಿತು.

ಜನವರಿ ಎಂಟರಂದು ನಾಲ್ವರೂ ಹೊರಟರು. ದಾರಿಗೆ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಎಲ್ಲ ಮಾಡಿ ಕಟ್ಟಿಕೊಟ್ಟವಳು ಸತ್ಯಭಾಮೆಯೇ. ಆದರೆ ಹಡಗಿನಲ್ಲಿ ಅಷ್ಟೆಲ್ಲ ಊಟವಿರುವಾಗ ಈ ಡಬ್ಬಿಗಳು ಯಾಕೆಂದು ಸುಬ್ಬಕೃಷ್ಣ ಮುಂಬಯಿಯ ರೈಲಿನಲ್ಲೇ ಅವುಗಳನ್ನು ಜೊತೆಯವರಿಗೆ ಹಂಚಿ ಮುಗಿಸಿದ್ದು ಅವಳಿಗೆ ಆಮೇಲೆ ತಿಳಿಯಿತು.

ಮನೆಯಲ್ಲಿ ಅವಳೊಬ್ಬಳೇ. ಮೊದಲ ದಿನ ಜಗಲಿಯಲ್ಲಿದ್ದ ಮಡಚುವ ಕುರ್ಚಿಯನ್ನು ಅಡಿಗೆಮನೆಗೆ ತಂದು ಹಾಕಿದಳು. ಅನ್ನ ಬೆಂದ ಕೂಡಲೇ ಮೇಲಿನಿಂದ, ಬಿಸಿಯಾದದ್ದನ್ನೇ, ಬಡಿಸಿಕೊಂಡು ಕೂತಳು. ಏನು ತರಲಿ ಎಂಬ ಇಂಗ್ಲಿಷ್ ಸಾಲನ್ನು ಒಂದು ಸಲ ಬಾಯಿಬಿಟ್ಟು ಹೇಳಿ ನೋಡಿದಳು. ಉತ್ತರವನ್ನೂ ತಾನೇ ಹೇಳಬೇಕಾಗಿತ್ತು. ಎರಡನೇ ದಿನ ಕುರ್ಚಿಯನ್ನು ಜಗಲಿಯಲ್ಲೇ ಇಟ್ಟು ಬಂದಳು.

ಇಪ್ಪತ್ತನೇ ತಾರೀಕು ಮಧ್ಯಾಹ್ನ ಹುಬ್ಬಳ್ಳಿಯ ಬಸ್ಸಿನಿಂದ ಅವರು ಇಳಿದು ಬಂದರು. ವೇದಾವತಿಯ ಕುಪ್ಪಸ ತೋಳಿನಲ್ಲಿ ಸಡಿಲವಾಗಿತ್ತು. ಸುಬ್ಬಕೃಷ್ಣ ಚೀಲ ಇಳಿಸಿದವನೇ, ಕಾಲು ಕೂಡ ತೊಳೆಯದೆ, ಅಡಿಗೆಮನೆಯ ಬಾಗಿಲಿಗೆ ಬಂದ.

"ಏಳು ಯಾಕೆ ಬರ್ದಿ?" ಬಹುವಚನ ಬಿಟ್ಟುಹೋಗಿತ್ತು.

"ಅತ್ತೆ ಹೇಳಿದ್ದು. ಎಲ್ಲಕ್ಕಿಂತ ಮಡಿ ಯಾವುದೋ ಅದು ಅಂತ. ವೇದಾನ್ನೂ ಕೇಳ್ದೆ."

"ಏಳು ದಿನ, ಸತ್ಯಕ್ಕ. ಉಪ್ಪಿಲ್ಲದ ಬೂದುಗುಂಬಳ. ಊಟದ ಹಾಲಿನ ಬಾಗಿಲಿಗೆ ಗಾಜು. ಒಳಗೆ ಎಲ್ಲ ಡೀಲರುಗಳೂ ಪೂರಿ ತಿಂತಿದಾರೆ. ನಾನು ಒಳಗೆ ಕಾಲಿಟ್ರೆ ಬಿಳಿ ಕೋಟಿನೋನು ಮೇಜಿನ ನಂಬರು ಕೇಳ್ತಾನೆ."

"ದಾವಣಗೆರೆ ಡೀಲರು ನಾಗರಾಜಪ್ಪ ನನ್ನ ಬದಿಗೆ ಕರ್ದು ಕೇಳಿದ," ಎಂದ ವೆಂಕಟರಾಮ ಜಗಲಿಯಿಂದ. "ನಿಮ್ಮ ಮನೆಯೋರಿಗೆಲ್ಲ ಕಿಡ್ನಿ ತೊಂದ್ರೆಯಾ ಸ್ವಾಮಿ, ಅಂತ. ಮೂರನೇ ದಿನಕ್ಕೆ ಹಡಗಿಗೆಲ್ಲ ಅದೇ ಸುದ್ದಿ. ನಮ್ಮ ಹತ್ರ ಕೂತ್ಕೊಳ್ಳೋಕೂ ಜನ ಹಿಂದೆ ಮುಂದೆ ನೋಡ್ತಿದ್ರು."

"ಬದಲಾಯಿಸಿ ಅಂತ ಕೇಳಲಿಲ್ವಾ?"

"ಕೇಳಿದ್ವಿ. ನಿಮ್ಮದೇ ಅಕ್ಷರದ ಅರ್ಜಿ ತೋರಿಸಿದ್ರು. ಕೆಳಗೆ ನನ್ನದೇ ರುಜು."

"ಓಖಾದಲ್ಲಿ ಇಳ್ದಾಗ ಇವ್ರಿಬ್ರು ಅತ್ತೆ ಕಣ್ಣು ತಪ್ಪಿಸಿ ಭಜಿ ತಿಂದು ಬಂದ್ರು," ಎಂದಳು ವೇದಾವತಿ. "ನಂಗೆ ಒಂದು ತುಂಡೂ ತರ್ಲಿಲ್ಲ."

ಸತ್ಯಭಾಮೆ ಎಲೆ ಹಾಕಿದಳು. ಹುಳಿ, ಪಲ್ಯ, ಕೋಸಂಬರಿ, ಹಪ್ಪಳ. ಮೂವರೂ ಮೂರು ಮೂರು ಸಲ ಹಾಕಿಸಿಕೊಂಡರು. ಮಡಿ ಹೆಚ್ಚಾಯಿತು ಎಂದು ತುಂಗಮ್ಮನವರೆದುರು ದೂರುವ ಹಾಗಿರಲಿಲ್ಲ, ಅವಳ ತಪ್ಪನ್ನು ಬೆರಳಿಟ್ಟು ತೋರಿಸಲು ಒಂದು ಸಾಲೂ ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಹುಳಿ ಬಡಿಸುವಾಗ ಸುಬ್ಬಕೃಷ್ಣನ ಎಲೆಯ ಮೇಲೆ ಬಾಗಿ, ಮೆಲ್ಲಗೆ, "ಉಪ್ಪು ಸಾಕಾ?" ಎಂದು ಕೇಳಿದಳು. ಅವನು ಹುಳಿಗೆ ಅನ್ನದಲ್ಲಿ ಗುಳಿ ಮಾಡಿದ.

ತುಂಗಮ್ಮ ಸ್ನಾನ ಮಾಡಿ ಬಂದು, ಎಲ್ಲರ ಊಟವಾಗುವವರೆಗೆ ಕಂಬಕ್ಕೆ ಒರಗಿ ಕೂತಿದ್ದರು. ದ್ವಾರಕೆಯ ಗೋಪೀಚಂದನವನ್ನು ದೇವರ ಮುಂದಿಟ್ಟು ಬಂದು ಅವಳನ್ನು ನೋಡಿದರು.

"ನೀನು ಏಳನೇದನ್ನ ಓದಿದ್ದಿ."

"ಓದಿ ಹೇಳ್ತೀನಿ ಅಂದೆ ಅತ್ತೆ. ಬೇಡ ಅಂದ್ರಿ."

"ಅಂದೆ. ನಿನ್ನ ಮೇಲೆ ತಪ್ಪು ಹೊರಿಸ್ತಾ ಇಲ್ಲ." ಅವರ ದನಿ ತಣ್ಣಗಿತ್ತು. "ಊಟ ಬಹಳ ಶುದ್ಧವಾಗಿತ್ತು. ಅಲ್ಲಿ ಕೂತು ನಂಗೆ ಒಂದು ವಿಷಯ ಹೊಳೀತು. ಗಂಡ ಸತ್ತೋಳಿಗೆ ಹಿಂದೆ ಇದ್ದದ್ದೂ ಇದೇ ಊಟ. ನಿಂಗೆ ತಲೆಗೂದಲು ಬಿಟ್ಟೆ, ಉಪ್ಪು ಬಿಟ್ಟೆ, ಸಣ್ಣೋಳು ಪಾಪ ಅಂತ. ನಂದೇ ತಪ್ಪು. ನಾಳೆಯಿಂದ ನಿಂಗೆ ಏಳನೇ ನಂಬರು."

ವೆಂಕಟರಾಮ ಕೈ ತೊಳೆಯಲು ಎದ್ದು ಹೋದ.

"ಎಷ್ಟು ದಿನ?" ಎಂದು ಕೇಳಿದವಳು ವೇದಾವತಿ.

"ಹಡಗು ಹೊರಟ ಮೇಲೆ ಬದಲಿಸೋಕೆ ಬರಲ್ಲ ಅಂತ ಬರ್ದಿದ್ಯಂತಲ್ಲ," ಎಂದರು ತುಂಗಮ್ಮ.

ಮರುದಿನ ಸತ್ಯಭಾಮೆ ಎಂದಿನಂತೆ ಎಲ್ಲರಿಗೂ ಮಾಡಿದಳು. ಎಂದಿನಂತೆ ಹುಳಿಗೆ ಇಂಗಿನ ಒಗ್ಗರಣೆ ಹಾಕಿದಳು, ಹಪ್ಪಳ ಕರಿದಳು, ಬಡಿಸಿದಳು. ತನಗೆಂದು ಸಣ್ಣ ಪಾತ್ರೆಯಲ್ಲಿ ಒಂದು ಹೋಳು ಬೂದುಗುಂಬಳ ಬೇಯಿಸಿದಳು. ಎಲ್ಲರ ಊಟವಾದ ಮೇಲೆ ಎಲೆ ಹಾಕಿಕೊಂಡು ಕೂತಳು. ತುಂಗಮ್ಮ ಮಣೆ ತಂದು ಅವಳ ಎದುರಿಗೇ ಹಾಕಿಕೊಂಡು ಕೂತರು. ಉಪ್ಪಿನ ಮರಿಗೆಯನ್ನು ತಮ್ಮ ಮಗ್ಗುಲಲ್ಲಿಟ್ಟುಕೊಂಡಿದ್ದರು.

ಅವಳು ಅನ್ನಕ್ಕೆ ಬೂದುಗುಂಬಳ ಕಲಸಿ ಉಂಡಳು. ಬೇಗ ಬೇಗ ಉಣ್ಣಲಿಲ್ಲ. ತುಂಗಮ್ಮ ಪ್ರತಿ ತುತ್ತನ್ನೂ ನೋಡುತ್ತಿದ್ದರು. ಎಲೆ ಖಾಲಿಯಾದಾಗ ಕೇಳಿದರು.

"ಹೇಗಿತ್ತು ಊಟ?"

ಹನ್ನೊಂದು ವರ್ಷದಲ್ಲಿ ಈ ಮಾತನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಹದಿನಾಲ್ಕನೇ ಪುಟದಲ್ಲಿ ಅದಕ್ಕೆ ಏನು ಹೇಳಬೇಕೆಂದೂ ಇತ್ತು. ಸತ್ಯಭಾಮೆ ಸ್ವಲ್ಪ ಯೋಚಿಸಿದವಳಂತೆ ಮಾಡಿದಳು.

"ಉಪ್ಪು ಒಂಚೂರು ಮುಂದಾಯ್ತು ಅತ್ತೆ," ಎಂದಳು.

ತುಂಗಮ್ಮ ಕೈಚಾಚಿ ಅವಳಿನ್ನೂ ಹಾಕಿಕೊಂಡಿರದ ಮಜ್ಜಿಗೆಯ ಪಾತ್ರೆಯನ್ನು ಎಲೆಯ ಪಕ್ಕದಿಂದ ತಮ್ಮ ಕಡೆಗೆ ಎಳೆದುಕೊಂಡರು.